ಓದುಗರ ಪ್ರಶ್ನೆ: ಕಿಲ್ವಾ ಊರನ್ನ ಕಟ್ಟಿದ್ದು ಯಾರು?

ಹಿಂದಿನ ಸಂಚಿಕೆಯಲ್ಲಿ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತಾ 1331ರಲ್ಲಿ ಆಫ್ರಿಕಾದ ಕಿಲ್ವಾಗೆ (ಈಗಿನ ಟಾಂಜಾನಿಯಾದ ಒಂದು ದ್ವೀಪ) ಹೋಗಿದ್ದ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ, ನಿಜವಾಗ್ಲೂ ಖುಷಿ ಆಯ್ತು, ಹಾಗಾಗಿ ಈ ಸಲ ಪೂರ್ತಿ ಪುಟ ಸ್ವಾಹಿಲಿ ಕರಾವಳಿಗೇ, ಅಂದ್ರೆ ಕಿಲ್ವಾ ಇರೋ ಪೂರ್ವ ಆಫ್ರಿಕಾದ ತೀರಕ್ಕೇ ಮೀಸಲು.

ದಾರ್ ಎಸ್ ಸಲಾಮ್‌ನಿಂದ: ನಾನು ಹುಬ್ಬಳ್ಳಿಯವನು, ಇಲ್ಲಿ ಕೆಲಸ. ರಜೆಯಲ್ಲಿ ಕಿಲ್ವಾ ದ್ವೀಪ ನೋಡ್ಕೊಂಡು ಬಂದ್ವಿ. ಜೊತೆಗಿದ್ದ ಗೆಳೆಯರು ಇದನ್ನೆಲ್ಲ ಕಟ್ಟಿದ್ದು ಪರ್ಷಿಯಾದ ರಾಜಕುಮಾರ ಅಂದ್ರು, ಗೈಡ್ ಮಾತ್ರ "ಅಲ್ಲ, ನಮ್ಮವರೇ ಕಟ್ಟಿದ್ದು" ಅಂತ ಪಟ್ಟು ಹಿಡಿದ. ಯಾರ ಮಾತು ಸರಿ?

ಗೈಡ್ ಮಾತೇ ಸರಿ ಸರ್. ಆದ್ರೆ ನಿಮ್ಮ ಗೆಳೆಯರು ಹೇಳಿದ್ದೂ ಗಾಳಿಯಿಂದ ಹುಟ್ಟಿದ್ದಲ್ಲ, ಅದಕ್ಕೊಂದು ಹಳೇ ಕಥೆ ಇದೆ. ಕಿಲ್ವಾದ ವೃತ್ತಾಂತ ಅಂತ ಒಂದಿದೆ, ಅದರ ಪ್ರಕಾರ ಪರ್ಷಿಯಾದ ಶಿರಾಜ್‌ನಿಂದ ಅಲಿ ಇಬ್ನ್ ಅಲ್ ಹಸನ್ ಅನ್ನೋನು ಹಡಗಲ್ಲಿ ಬಂದ, ದ್ವೀಪದ ಸುತ್ತಲೂ ಹಾಸೋವಷ್ಟು ಬಟ್ಟೆ ಕೊಟ್ಟು ಆ ನೆಲವನ್ನ ಅಲ್ಲಿನ ದೊರೆಯಿಂದ ಕೊಂಡ್ಕೊಂಡ. ಎಲ್ಲರಿಗೂ ನೆನಪಿರೋದು ಈ ಬಟ್ಟೆ ವಿಷಯ ಮಾತ್ರ. ಅದೇ ವೃತ್ತಾಂತದಲ್ಲಿ ಇನ್ನೊಂದು ಮಾತೂ ಇದೆ ನೋಡಿ: ಬಂದವರು ಇಳಿದಾಗ ಅಲ್ಲಿ ಆಗ್ಲೇ ಒಂದು ಮುಸ್ಲಿಂ ಮನೆತನ ಇತ್ತು, ಒಂದು ಮಸೀದಿನೂ ಇತ್ತು ಅಂತ! ಅಂದ್ರೆ ಹೊರಗಿನವರು ಬಂದ ಕಥೆಯೇ, ಬರೋಕ್ಕಿಂತ ಮುಂಚೆ ಊರಿತ್ತು ಅಂತ ಒಪ್ಕೊಂಡಿದೆ.

ವಸಾಹತು ಕಾಲದ ಪಂಡಿತರಿಗೆ ಈ ಸಾಲು ಕಣ್ಣಿಗೆ ಬೀಳ್ಲಿಲ್ಲವೋ, ಬಿದ್ದರೂ ಬೇಡವಾಗಿತ್ತೋ, ಒಟ್ಟಲ್ಲಿ ಕಲ್ಲಿನ ಊರು, ಗುಮ್ಮಟ, ಕಮಾನು ಕಂಡ್ರೆ ಸಾಕು, ಇದು ಆಫ್ರಿಕಾದವರ ಕೈಲಾಗೋ ಕೆಲಸ ಅಲ್ಲ, ಅರಬ್ಬರೋ ಪರ್ಷಿಯನ್ನರೋ ಬಂದು ಕಟ್ಟಿರಬೇಕು ಅಂತ ಮೊದಲೇ ತೀರ್ಮಾನ ಮಾಡ್ಬಿಡ್ತಿದ್ರು. ಈ ವಿಷಯ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಒಂದು ಜನಾಂಗದ ಸಾವಿರ ವರ್ಷದ ದುಡಿಮೆಯನ್ನ ಅವರ ಕೈಯಿಂದ ಕಿತ್ತು ಇನ್ನೊಬ್ಬರ ಹೆಸರಿಗೆ ಬರೆದಂಗೆ ಆಯ್ತಲ್ವಾ.

ಲೆಕ್ಕ ಬದಲಾಗಿದ್ದು ನೆಲ ಅಗೆದ ಮೇಲೆ. ಇದೇ ಕರಾವಳಿಯಲ್ಲಿ, ಕೀನ್ಯಾದ ಲಾಮು ದ್ವೀಪಗಳಲ್ಲಿ ಒಂದಾದ ಪಾತೆ ಅನ್ನೋ ದ್ವೀಪದಲ್ಲಿ ಶಾಂಗಾ ಅಂತ ಪಾಳುಬಿದ್ದ ಊರಿದೆ, 1980ರಿಂದ ಪುರಾತತ್ವಜ್ಞ ಮಾರ್ಕ್ ಹಾರ್ಟನ್ ಅಲ್ಲಿ ಉತ್ಖನನ ಮಾಡಿದ್ರು. ಮೇಲೆ ಹವಳದ ಕಲ್ಲಿನ ಮಸೀದಿ, ಅದರ ಕೆಳಗೆ ಅದಕ್ಕಿಂತ ಹಳೇ ಮಸೀದಿ, ಅದರಡಿ ಇನ್ನೂ ಹಳೇದು, ಹೀಗೆ ಒಂದರ ಕೆಳಗೊಂದು ಇಳೀತಾ ಹೋಗಿ ತಳದಲ್ಲಿ ಸಿಕ್ಕಿದ್ದು ಮರದ ಕಂಬ ನೆಟ್ಟು ಕಟ್ಟಿದ್ದ ಪುಟಾಣಿ ಮಸೀದಿ. ಈಗ ಕಾಣೋದು ಕಂಬ ನೆಟ್ಟಿದ್ದ ಗುಳಿಗಳಷ್ಟೇ, ಕಾಲ ಸುಮಾರು 8ನೇ ಶತಮಾನದ ಕೊನೆ. ಯಾರೋ ಹಡಗಲ್ಲಿ ಪೂರ್ತಿ ಊರನ್ನೇ ತಂದು ಇಳಿಸಿದ್ದಾಗಿದ್ರೆ ತಳದಲ್ಲೇ ಕಲ್ಲಿನ ಕಟ್ಟಡ ಸಿಗ್ಬೇಕಿತ್ತು. ಸಿಕ್ಕಿದ್ದು ಮರದಿಂದ ಕಲ್ಲಿಗೆ ನಿಧಾನಕ್ಕೆ ಬೆಳೆದ ಊರು.

ಮಡಕೆ ಚೂರುಗಳದ್ದೂ ಇದೇ ಸಾಕ್ಷಿ. ಚೀನಾದ ಪಿಂಗಾಣಿ, ಪರ್ಷಿಯಾ ಕೊಲ್ಲಿಯ ಹಸಿರು ಮೆರುಗಿನ ಜಾಡಿ ಎಲ್ಲ ಸಿಗುತ್ತೆ ಹೌದು, ಆದ್ರೆ ರಾಶಿ ಹಾಕಿ ನೋಡಿದ್ರೆ ಬಹುಪಾಲು ಅಲ್ಲೇ ಮಾಡಿದ ಮಡಕೆಗಳೇ. ಹಸಿ ಮಣ್ಣಿನ ಮೇಲೆ ಕಡ್ಡಿಯಿಂದ ಸಾಲು ಸಾಲು ತ್ರಿಕೋನ ಗೀರಿದ ಮಡಕೆ, ಲಾಮುವಿನಿಂದ ಮೊಜಾಂಬಿಕ್ ತನಕ ಕರಾವಳಿ ಉದ್ದಕ್ಕೂ ಅದೇ, ಒಳನಾಡಿನ ಹಳ್ಳಿಗಳಲ್ಲೂ ಅದೇ. ಅಡುಗೆ ಮನೆ ಯಾರದ್ದೋ ಊರೂ ಅವರದ್ದೇ ಅಂತ ನಾನಂತೂ ನಂಬ್ತೀನಿ.

ಆಮೇಲೆ 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಡಿಎನ್‌ಎ ಅಧ್ಯಯನ ಬಂತು, ಆ ಕಡೆಯ 80 ಜನರ ಹಳೇ ಅಸ್ಥಿಗಳನ್ನ ಪರೀಕ್ಷೆ ಮಾಡಿದ್ದು. ತಾಯಂದಿರ ಕಡೆಯದ್ದು ಹೆಚ್ಚೂಕಡಿಮೆ ಪೂರ್ತಿ ಆಫ್ರಿಕಾ, ಗಂಡಸರ ಕಡೆಯಿಂದ ಬಂದದ್ದು ಬಹಳಷ್ಟು ಪರ್ಷಿಯಾ, ಜೊತೆಗೆ ಸ್ವಲ್ಪ ಭಾರತದ್ದೂ ಇದೆ! ಇದನ್ನ ಓದಿ ಕೆಲವರು "ನೋಡಿ, ಪರ್ಷಿಯಾ ಕಥೆ ನಿಜ ಆಯ್ತು" ಅಂದ್ರು. ಒಪ್ತೀನಿ, ಪರ್ಷಿಯಾದವರು ಬಂದಿದ್ದು ಸುಳ್ಳಲ್ಲ. ಆದ್ರೆ ಆ ರಕ್ತ ಬೆರೆಯೋಕೆ ಶುರುವಾಗಿದ್ದು ಕ್ರಿ.ಶ. 1000ದ ಆಸುಪಾಸು, ಶಾಂಗಾದ ಮರದ ಮಸೀದಿ ಅದಕ್ಕಿಂತ ಇನ್ನೂರು ವರ್ಷ ಹಳೇದು. ವ್ಯಾಪಾರಕ್ಕೆ ಅಂತ ಬಂದವರು ಆಗ್ಲೇ ಇದ್ದ ಊರಿಗೆ ಬಂದು ಅಲ್ಲಿನ ಮನೆಗಳಿಗೆ ಅಳಿಯಂದಿರಾದ್ರು. ಅಳಿಯ ಬಂದ ಮೇಲೆ ಮನೆ ದೊಡ್ಡದಾಗಿರಬಹುದು, ಅಡಿಪಾಯ ಹಾಕಿದ್ದು ಅವನಲ್ಲ.

ಕುಂದಾಪುರದಿಂದ: ಹವಳದಿಂದ ಮನೆ ಕಟ್ತಿದ್ರು ಅಂತ ಕೇಳಿದೆ. ಹವಳ ಅಂದ್ರೆ ಉಂಗುರಕ್ಕೆ ಹಾಕೋ ಕೆಂಪು ಹವಳಾನಾ? ಅದು ಗೋಡೆಗೆ ಹೇಗೆ ಬಂತು?

ಆ ಹವಳ ಅಲ್ಲ ಮೇಡಂ, ಹವಳದ ದಿಬ್ಬ ಕಟ್ಟೋ ಬೇರೆ ಜಾತಿದು. ಅಲ್ಲಿನ ಮೇಸ್ತ್ರಿಗಳು ಎರಡು ಥರದ್ದು ಬಳಸ್ತಿದ್ರು. ಒಂದು ಲಕ್ಷಾಂತರ ವರ್ಷದ ಹಿಂದೆ ಸಮುದ್ರದ ತಳ ಆಗಿದ್ದು ಈಗ ನೆಲವೇ ಆಗಿರೋ ಗಟ್ಟಿ ಹವಳದ ಕಲ್ಲು, ಅದನ್ನ ಒಡೆದು ಗೋಡೆಗೆ ಹಾಕೋದು. ಇನ್ನೊಂದು ಪೊರೈಟಿಸ್ ಅನ್ನೋ ಜೀವಂತ ಹವಳ, ಸಮುದ್ರದಿಂದ ಆಗತಾನೇ ಕೊಯ್ದು ತಂದಾಗ ಮೆತ್ತಗಿರುತ್ತೆ, ಹಸಿ ಇರೋವಾಗ್ಲೇ ಕಮಾನಿನ ಅಂಚು, ಬಾಗಿಲ ಚೌಕಟ್ಟು, ಮಿಹ್ರಾಬಿನ (ಮಸೀದಿಯಲ್ಲಿ ಮೆಕ್ಕಾ ದಿಕ್ಕು ತೋರಿಸೋ ಗೂಡು) ಹೂಬಳ್ಳಿ ಎಲ್ಲ ಕೆತ್ತಿಬಿಡ್ಬೇಕು, ಗಾಳಿಗೆ ಬಿಟ್ಟ ಮೇಲೆ ಗಟ್ಟಿ ಆಗ್ಬಿಡುತ್ತೆ. ನಿಮ್ಮ ಕಡೆ ಮುರಕಲ್ಲೂ ಹಾಗೇ ಅಲ್ವಾ, ನೆಲದಿಂದ ಎತ್ತಿದಾಗ ಮೆದು, ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿ. ಗಾರೆಗೆ ಬೇಕಾದ ಸುಣ್ಣಾನೂ ಹವಳದ್ದೇ, ಕಟ್ಟಿಗೆ ಒಟ್ಟಿ ಅದರ ಮೇಲೆ ಹವಳದ ತುಂಡು ಹೇರಿ ಸುಟ್ಟು ಸುಣ್ಣ ಮಾಡೋದು.

ನನಗೆ ತುಂಬಾ ಇಷ್ಟವಾದ ವಿಷಯ ಅಂದ್ರೆ ಚಾವಣಿ. ಈ ಮನೆಗಳ ಕೋಣೆ ಉದ್ದಕ್ಕೆ ಎಷ್ಟು ಬೇಕಾದ್ರೂ ಇರುತ್ತೆ, ಅಗಲ ಮಾತ್ರ ಎರಡೂವರೆ ಮೂರು ಮೀಟರ್ ದಾಟೋದು ಕಮ್ಮಿ, ಶ್ರೀಮಂತರ ಮನೆಯಲ್ಲೂ ಅಷ್ಟೇ. ಯಾಕೆ ಅಂದ್ರೆ ಚಾವಣಿಗೆ ಅಡ್ಡ ಹಾಕ್ತಿದ್ದದ್ದು ಕಾಂಡ್ಲಾ ಮರದ ಗಳು, ಅಲ್ಲಿ ಅದಕ್ಕೆ ಬೊರಿತಿ ಅಂತಾರೆ, ಮೇಲಿನ ಸುಣ್ಣಗಾರೆಯ ಭಾರ ಹೊತ್ಕೊಂಡು ಬಾಗದೆ ನಿಲ್ಲೋಕೆ ಆ ಗಳಕ್ಕೆ ಅಷ್ಟೇ ದೂರ ಆಗೋದು. ಅಳಿವೆಯಲ್ಲಿ ಬೆಳೆಯೋ ಒಂದು ಮರ ಇಡೀ ಕರಾವಳಿಯ ಮನೆಗಳ ಅಳತೆ ನಿರ್ಧಾರ ಮಾಡ್ತಿತ್ತು! ಲಾಮುವಿನ ಹಳೇ ಮನೆಗಳಲ್ಲಿ ಒಳಗಿನ ಕೋಣೆಯ ಗೋಡೆ ತುಂಬ ಸಣ್ಣ ಸಣ್ಣ ಗೂಡುಗಳು, ಅವಕ್ಕೆ ಜಿದಾಕಾ ಅಂತ ಹೆಸರು, ಒಂದೊಂದು ಗೂಡಲ್ಲಿ ಒಂದೊಂದು ಪಿಂಗಾಣಿ ಬಟ್ಟಲು ಜೋಡಿಸಿಡೋದು. ಸಮಾಧಿ ಕಂಬಗಳಿಗೂ ಪಿಂಗಾಣಿ ಬಟ್ಟಲು ಕೂರಿಸ್ತಿದ್ರು.

ಒಂದು ಮಾತು ಸೇರಿಸ್ತೀನಿ, ಇದೆಲ್ಲ ಉಳ್ಳವರ ಮನೆ. ಊರಿನ ಹೆಚ್ಚಿನ ಜನ ಇದ್ದದ್ದು ಮಣ್ಣಿನ ಗೋಡೆ, ಗರಿ ಹೊದಿಸಿದ ಮನೆಗಳಲ್ಲೇ. ಅವು ಕರಗಿ ಮಣ್ಣಾದವು, ಕಲ್ಲು ಉಳೀತು.

ಶಿರಸಿಯ ಶಿಕ್ಷಕರೊಬ್ಬರು: ಸ್ವಾಹಿಲಿ ಅಂದ್ರೆ ಅರೇಬಿಕ್ ಭಾಷೆಯದ್ದೇ ಒಂದು ರೂಪ ಅಲ್ವಾ?

ಅಲ್ಲ ಮೇಷ್ಟ್ರೇ. ಹೆಸರು ಮಾತ್ರ ಅರೇಬಿಕ್, ಸಾಹಿಲ್ ಅಂದ್ರೆ ತೀರ. ಭಾಷೆ ಆಫ್ರಿಕಾದ್ದೇ ಆದ ಬಾಂಟು ಕುಟುಂಬದ್ದು. ಎಣಿಕೆ ನೋಡಿದ್ರೇ ಗೊತ್ತಾಗುತ್ತೆ, ಮೋಜಾ, ಮ್ಬಿಲಿ, ತಾತು, ನ್ನೆ, ತಾನೋ ಅಂತ ಐದರ ತನಕ ಬಾಂಟು, ಆರು ಏಳು ಒಂಬತ್ತು ಅರೇಬಿಕ್‌ನಿಂದ ತಗೊಂಡಿದ್ದು, ಎಂಟು ಹತ್ತು ಮತ್ತೆ ಬಾಂಟು. ಇನ್ನೂ ಚೆಂದದ ಉದಾಹರಣೆ ಕಿತಾಬು. ಅರೇಬಿಕ್‌ನ ಕಿತಾಬ್ ಸ್ವಾಹಿಲಿಗೆ ಬಂದು ಕಿತಾಬು ಆಯ್ತು, ಆದ್ರೆ ಬಾಂಟು ವ್ಯಾಕರಣದಲ್ಲಿ 'ಕಿ' ಅಂತ ಶುರುವಾಗೋ ಪದಕ್ಕೆ ಬಹುವಚನದಲ್ಲಿ 'ವಿ' ಬರುತ್ತೆ, ಹಾಗಾಗಿ ಪುಸ್ತಕಗಳು ಅನ್ನೋಕೆ ವಿತಾಬು ಅಂತಾರೆ! ನಾವು ಸಂಸ್ಕೃತದ ಪುಸ್ತಕ ತಗೊಂಡು 'ಗಳು' ಸೇರಿಸಿ ನಮ್ಮದು ಮಾಡ್ಕೊಂಡ್ವಲ್ಲ, ಅದೇ ಥರ. ಅಲ್ಲಿಗೆ ಹೋದ್ರೆ ನಮಗೆ ಕೆಲವು ಪದ ಪರಿಚಿತ ಅನ್ಸುತ್ತೆ: ಗಾಡಿಗೆ ಗಾರಿ, ಬಣ್ಣಕ್ಕೆ ರಂಗಿ, ಅಂಗಡಿಗೆ ದುಕಾ, ಲಕ್ಷಕ್ಕೆ ಲಾಕಿ.

ಹೊನ್ನಾವರದಿಂದ: ನಮ್ಮ ಕರಾವಳಿಗೂ ಆ ಕರಾವಳಿಗೂ ನೇರ ಸಂಬಂಧ ಏನಾದ್ರೂ ಇತ್ತಾ?

ನಿಮ್ಮೂರಿನಿಂದಲೇ ಈ ಪ್ರಶ್ನೆ ಬಂದಿದ್ದು ನೋಡಿ ರೋಮಾಂಚನ ಆಯ್ತು. ಕಿಲ್ವಾ ನೋಡಿದ ಅದೇ ಇಬ್ನ್ ಬತೂತಾ ಹತ್ತು ವರ್ಷದ ಮೇಲೆ ಹೊನ್ನಾವರಕ್ಕೂ ಬಂದಿದ್ದ, ಅಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ನೋಡಿದೆ ಅಂತ ಬರೆದಿಟ್ಟಿದ್ದಾನೆ. ಎರಡೂ ದಡಗಳನ್ನ ಕೂಡಿಸಿದ್ದು ಗಾಳಿ. ನವೆಂಬರ್‌ನಿಂದ ಮಾರ್ಚ್ ತನಕ ಈಶಾನ್ಯದಿಂದ ಬೀಸೋ ಗಾಳಿಗೆ ಅಲ್ಲಿ ಕಸ್ಕಾಜಿ ಅಂತಾರೆ, ಹಾಯಿ ಹಡಗು ಆಫ್ರಿಕಾಕ್ಕೆ ಹೋಗ್ತಿದ್ದದ್ದು ಅದರಲ್ಲಿ. ಏಪ್ರಿಲ್ ಆದ ಮೇಲೆ ಗಾಳಿ ತಿರುಗಿ ಕುಸಿ ಶುರು, ಅದೇ ನಮಗೆ ಮುಂಗಾರು ತರೋ ಗಾಳಿ, ವಾಪಸ್ ಬರೋದು ಅದರಲ್ಲಿ. ಮಧ್ಯೆ ತಿಂಗಳುಗಟ್ಟಲೆ ಕಾಯ್ಬೇಕು. ಆ ಅಳಿಯಂದಿರ ವಿಷಯ ಹೇಳಿದ್ನಲ್ಲ, ಸಂಬಂಧ ಬೆಳೆದದ್ದು ಈ ಕಾಯೋ ತಿಂಗಳುಗಳಲ್ಲೇ. ನಮ್ಮ ಕಡೆಯಿಂದ ಹೋಗ್ತಿದ್ದದ್ದು ಹತ್ತಿ ಬಟ್ಟೆ, ಗಾಜಿನ ಮಣಿ, ಆ ಕಡೆಯಿಂದ ಬರ್ತಿದ್ದದ್ದು ದಂತ ಮತ್ತೆ ಚಿನ್ನ. ಚಿನ್ನ ಜಿಂಬಾಬ್ವೆ ಪ್ರಸ್ಥಭೂಮಿಯಿಂದ ಸೋಫಾಲಾ ಬಂದರಿಗೆ, ಅಲ್ಲಿಂದ ಕಿಲ್ವಾಗೆ. ಕಿಲ್ವಾದ ಸುಲ್ತಾನ ಅಲ್ ಹಸನ್ ಇಬ್ನ್ ಸುಲೈಮಾನ್ ಹೊರಡಿಸಿದ ನಾಣ್ಯ ಒಳನಾಡಿನ ಗ್ರೇಟ್ ಜಿಂಬಾಬ್ವೆ ಅನ್ನೋ ಹಳೇ ಕಲ್ಲಿನ ಊರಲ್ಲೇ ಸಿಕ್ಕಿದೆ. ಸಮುದ್ರದ ಕಡೆ ಬಂಡೆ ಮೇಲೆ ನೂರಕ್ಕೂ ಹೆಚ್ಚು ಕೋಣೆಗಳ ಹುಸೂನಿ ಕುಬ್ವಾ ಅರಮನೆ ಕಟ್ಟಿಸಿದ್ದೂ ಅವನೇ, ಅದರಲ್ಲಿ ಎಂಟು ಮೂಲೆಯ ಒಂದು ಕೊಳ ಇದೆ.

ನೋವಿನ ಸಂಬಂಧಾನೂ ಇದೆ. 1505ರಲ್ಲಿ ಪೋರ್ಚುಗೀಸರ ಫ್ರಾನ್ಸಿಸ್ಕೋ ದ ಅಲ್ಮೇಡಾ ಜುಲೈನಲ್ಲಿ ಕಿಲ್ವಾ ಲೂಟಿ ಮಾಡಿದ, ಆಗಸ್ಟ್‌ನಲ್ಲಿ ಮೊಂಬಾಸಾ ಸುಟ್ಟ, ಸೆಪ್ಟೆಂಬರ್‌ನಲ್ಲಿ ಕಾರವಾರದ ಹತ್ರದ ಅಂಜದೀವ್ ದ್ವೀಪಕ್ಕೆ ಬಂದ, ಅಕ್ಟೋಬರ್‌ನಲ್ಲಿ ಹೊನ್ನಾವರದ ಮೇಲೆ ಬಿದ್ದು ಬೆಂಕಿ ಇಟ್ಟ. ಒಂದೇ ನೌಕಾಪಡೆ, ನಾಲ್ಕೇ ತಿಂಗಳು. ನಿಮ್ಮ ಶರಾವತಿ ಅಳಿವೆಯಲ್ಲಿ ಉರಿದ ಹಡಗುಗಳ ಕಥೆ ಕಿಲ್ವಾದವರಿಗೆ ಹೇಳಿದ್ರೆ ಬಿಡಿಸಿ ಹೇಳೋ ಅಗತ್ಯಾನೇ ಇರಲ್ಲ.

ಬೆಂಗಳೂರಿನಿಂದ: ಸ್ವಾಹಿಲಿ ನಾಗರಿಕತೆ ಅಂತ ಹೊಗಳ್ತೀರ. ಗುಲಾಮರ ವ್ಯಾಪಾರ ಮಾಡಿದವರೂ ಅವರೇ ಅಲ್ವಾ?

ಹೌದು, ಅದನ್ನ ಮುಚ್ಚಿಡಬಾರದು. ಈಗ ಹೇಳಿದ ಕಿಲ್ವಾದ ಆ ಸುಲ್ತಾನ ಮಹಾ ದಾನಿ, ಯೆಮನ್‌ನಿಂದ ಬಂದ ಫಕೀರನೊಬ್ಬ ದಾರಿಯಲ್ಲಿ ಕೇಳಿದ ಅಂತ ತೊಟ್ಟ ಬಟ್ಟೆನೇ ಬಿಚ್ಚಿಕೊಟ್ಟ ಅಂತ ಇಬ್ನ್ ಬತೂತಾ ಹೊಗಳ್ತಾನೆ, ಅದೇ ಕಥೆಯಲ್ಲಿ ಫಕೀರನಿಗೆ ಗುಲಾಮರನ್ನೂ ಎರಡು ಹೊರೆ ದಂತವನ್ನೂ ಕೊಟ್ಟ ಅಂತಾನೂ ಬರುತ್ತೆ. ಮನುಷ್ಯರೂ ದಂತವೂ ಒಂದೇ ಪಟ್ಟಿಯಲ್ಲಿ. 19ನೇ ಶತಮಾನದಲ್ಲಿ ಓಮಾನಿನ ಸುಲ್ತಾನ ಜಾಂಜಿಬಾರ್‌ನಲ್ಲಿ ನೆಲೆ ನಿಂತು, ಲವಂಗದ ತೋಟಗಳು ಬೆಳೆದ ಮೇಲೆ ಇದು ಭೀಕರ ಪ್ರಮಾಣಕ್ಕೆ ಹೋಯ್ತು, ಅಲ್ಲಿನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನರಲ್ಲಿ ಬಹಳಷ್ಟು ಮಂದಿಯ ಪೂರ್ವಜರು ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರ ಹಡಗಲ್ಲಿ ಗೋವಾಕ್ಕೆ ಬಂದಿಳಿದವರು. ಕರಾವಳಿಯ ಚರಿತ್ರೆ ಬರೆಯೋವಾಗ ಅವರಿಗೂ ಜಾಗ ಇರಲೇಬೇಕು.

ಮೈಸೂರಿನಿಂದ: ಮಗಳನ್ನ ಕರ್ಕೊಂಡು ಕೀನ್ಯಾಕ್ಕೆ ಹೋಗ್ತಿದ್ದೀವಿ. ಒಂದೇ ಜಾಗ ನೋಡೋಕೆ ಟೈಮಿದ್ರೆ ಎಲ್ಲಿಗೆ ಹೋಗೋಣ?

ಮಾಲಿಂದಿ ಹತ್ರದ ಗೇಡಿಗೆ ಹೋಗಿ. 17ನೇ ಶತಮಾನದಲ್ಲಿ ಜನ ಬಿಟ್ಟುಹೋದ ಊರು, ಈಗ ಕಾಡಿನೊಳಗಿದೆ, ಗೋಡೆಗಳ ಮೇಲೆ ಮರದ ಬೇರು ಇಳಿಬಿದ್ದಿದೆ, ಕೋತಿಗಳೂ ಸಿಗ್ತವೆ. 2024ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ಅಲ್ಲಿ ವಾಸ ಇದ್ದವರ ಹೆಸರು ಗೊತ್ತಿಲ್ಲದ್ದಕ್ಕೆ ಉತ್ಖನನ ಮಾಡಿದ ಜೇಮ್ಸ್ ಕರ್ಕ್‌ಮನ್, ಮನೆಯೊಳಗೆ ಸಿಕ್ಕ ವಸ್ತುವಿನ ಹೆಸರನ್ನೇ ಮನೆಗಿಟ್ರು: ಕತ್ತರಿ ಮನೆ, ಕವಡೆ ಮನೆ, ದಂತದ ಪೆಟ್ಟಿಗೆ ಮನೆ, ಚೀನಾ ನಾಣ್ಯದ ಮನೆ. ಮಗಳ ಕೈಗೆ ನಕ್ಷೆ ಕೊಟ್ಟು ಕತ್ತರಿ ಮನೆ ಎಲ್ಲಿದೆ ಹುಡುಕು ಅನ್ನಿ. ನೀರಿನ ಬಾಟಲಿ ಮರೀಬೇಡಿ, ಕಾಡಿನೊಳಗೆ ಸೆಕೆ ಜಾಸ್ತಿ.