ಮಂಡಿ ನೋವಿದ್ದವರಿಗೆ ಲಂಡನ್ ಬಸ್ಸೇ ಸರಿ

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಬಂದಿದೆ. ಮೇ ತಿಂಗಳಲ್ಲಿ ಗಂಡ ಹೆಂಡತಿ ಲಂಡನ್ನಿಗೆ ಹೊರಟಿದ್ದಾರೆ. ಮಗಳ ಮನೆ ಊರಿನ ಪಶ್ಚಿಮದ ಹೇಯ್ಸ್‌ನಲ್ಲಿ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು, ಹಗಲೆಲ್ಲ ಇವರಿಬ್ಬರೇ. ಮನೆಯವರಿಗೆ ಮಂಡಿ ನೋವು ಬೇರೆ. 'ಆ ಮೆಟ್ರೋ ನಕ್ಷೆ ನೋಡಿದರೆ ತಲೆ ಸುತ್ತುತ್ತದೆ. ಟೂರ್ ಕಂಪನಿಗೆ ದುಡ್ಡು ಕಟ್ಟಿಬಿಡೋದೇ ವಾಸಿನಾ, ಇಲ್ಲ ನಾವೇ ಓಡಾಡಬಹುದಾ? ಇಬ್ಬರಿಗೂ ಒಂದೇ ಕಾರ್ಡ್ ಸಾಕಾ? ಹಿರಿಯ ನಾಗರಿಕರಿಗೆ ರಿಯಾಯಿತಿ ಉಂಟಾ?' ಎಂದು ಕೇಳಿದ್ದಾರೆ.

ಮೇಷ್ಟ್ರೇ, ಧಾರಾಳವಾಗಿ ನೀವೇ ಓಡಾಡಿ. ಆದರೆ ಯಾವ ಜಾಗ ಎಷ್ಟು ದೂರ ಅಂತ ಲೆಕ್ಕ ಹಾಕಬೇಡಿ. ಎಲ್ಲಿ ಎಷ್ಟು ಮೆಟ್ಟಿಲು ಅಂತ ಲೆಕ್ಕ ಹಾಕಿ. ನಿಮ್ಮಿಬ್ಬರಿಗೆ ಅದೇ ಮುಖ್ಯ.

ಮೊದಲು ನಿಮ್ಮ ತಲೆ ಸುತ್ತಿಸಿದ ನಕ್ಷೆಯ ವಿಚಾರ. ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ 1931ರಲ್ಲಿ ಅದನ್ನು ಬರೆದ. 1933ರಲ್ಲಿ ಅದು ಜನರ ಕೈಗೆ ಬಂತು. ನೆಲದಡಿ ಹೋಗುವವನಿಗೆ ಯಾವ ನಿಲ್ದಾಣ ಆದಮೇಲೆ ಯಾವುದು, ಎಲ್ಲಿ ರೈಲು ಬದಲಿಸಬೇಕು, ಇಷ್ಟು ಗೊತ್ತಾದರೆ ಸಾಕು ಅಂತ ಅವನ ಯೋಚನೆ. ಅಳತೆ, ದಿಕ್ಕು ಎರಡನ್ನೂ ಬಿಟ್ಟ. ನಮ್ಮ ಲಗ್ನಪತ್ರಿಕೆಯ ಹಿಂದೆ ಛತ್ರಕ್ಕೆ ದಾರಿ ತೋರಿಸುವ ನಕ್ಷೆ ಇರುತ್ತಲ್ಲ, ಹೆಚ್ಚುಕಡಿಮೆ ಹಾಗೆ. ಅದನ್ನು ನಂಬಿಕೊಂಡು ಪ್ರವಾಸಿಗರು ಮೋಸ ಹೋಗುತ್ತಾರೆ. ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ಸುಮಾರು 260 ಮೀಟರ್, ಅಷ್ಟೇ. ಅದಕ್ಕೂ ಜನ ಕೆಳಗಿಳಿದು, ರೈಲು ಹಿಡಿದು, ಮತ್ತೆ ಮೇಲೆ ಬರುತ್ತಾರೆ. ನಡೆದರೆ ಅದಕ್ಕಿಂತ ಬೇಗ ಹೋಗಿ ಮುಟ್ಟಬಹುದು. ಅದರ ಮೇಲೆ, ಕೋವೆಂಟ್ ಗಾರ್ಡನ್‌ನಲ್ಲಿ ಲಿಫ್ಟಿಗೆ ಕ್ಯೂ ಜಾಸ್ತಿ ಅಂತ ಮೆಟ್ಟಿಲು ಹತ್ತಲು ಹೊರಟರೆ 193 ಮೆಟ್ಟಿಲು!

ಈ ಸುರಂಗ ರೈಲು ಶುರುವಾಗಿದ್ದು 1863ರಲ್ಲಿ. ಲಿಫ್ಟ್, ಗಾಲಿಕುರ್ಚಿ ಇವೆಲ್ಲ ಆಗ ಯಾರ ತಲೆಯಲ್ಲೂ ಇರಲಿಲ್ಲ. ಈಗಲೂ ಇರುವ 272 ನಿಲ್ದಾಣಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದಕ್ಕೆ ಮಾತ್ರ ಮೆಟ್ಟಿಲಿಲ್ಲದ ದಾರಿ ಇದೆ. ನಕ್ಷೆಯಲ್ಲಿ ಅಂಥ ಕಡೆ ಗಾಲಿಕುರ್ಚಿಯ ಗುರುತು ಹಾಕಿರುತ್ತಾರೆ. ನೀಲಿ ವೃತ್ತದೊಳಗೆ ಬಿಳಿ ಕುರ್ಚಿ ಇದ್ದರೆ ರಸ್ತೆಯಿಂದ ರೈಲಿನ ಒಳಗಿನವರೆಗೂ ಮೆಟ್ಟಿಲಿಲ್ಲ. ಬಿಳಿ ವೃತ್ತದಲ್ಲಿ ನೀಲಿ ಕುರ್ಚಿ ಇದ್ದರೆ ಪ್ಲಾಟ್‌ಫಾರ್ಮ್‌ವರೆಗೆ ಮಾತ್ರ. ಬರೀ ಈ ಗುರುತು ನೋಡಿಕೊಂಡು ಹೋಗಿ, ನಕ್ಷೆಯ ಅರ್ಧ ತಲೆನೋವು ಕಳೆಯಿತು. ಗ್ರೀನ್ ಪಾರ್ಕ್, ವೆಸ್ಟ್‌ಮಿನ್‌ಸ್ಟರ್, ಕಿಂಗ್ಸ್ ಕ್ರಾಸ್ ನಿಮಗೆ ಆಗಿಬರುವ ನಿಲ್ದಾಣಗಳು. ಪಿಕಡಿಲಿ ಸರ್ಕಸ್ ಹೆಸರು ದೊಡ್ಡದು, ಅಲ್ಲಿ ಇಳಿಯಬೇಡಿ.

ಮಗಳು ಹೇಯ್ಸ್‌ನಲ್ಲಿ ಮನೆ ಮಾಡಿರುವುದು ನಿಮ್ಮ ಅದೃಷ್ಟ. 2022ರಲ್ಲಿ ಶುರುವಾದ ಎಲಿಜಬೆತ್ ಮಾರ್ಗದ ರೈಲು ಅಲ್ಲೇ ನಿಲ್ಲುತ್ತದೆ. ಆ ಮಾರ್ಗದ ಎಲ್ಲ ನಿಲ್ದಾಣಗಳಲ್ಲೂ ಪ್ಲಾಟ್‌ಫಾರ್ಮ್‌ವರೆಗೆ ಮೆಟ್ಟಿಲಿಲ್ಲದೆ ಹೋಗಬಹುದು. ಹೇಯ್ಸ್‌ನಲ್ಲಿ ರೈಲಿಗೆ ಕಾಲಿಡುವಾಗ ಮಾತ್ರ ಒಂದು ಮೆಟ್ಟಿಲಷ್ಟು ಎತ್ತರ ಇರುತ್ತದೆ, ಮನೆಯವರ ಕೈ ಹಿಡಿದುಕೊಳ್ಳಿ. ಅರ್ಧ ಗಂಟೆಗೆಲ್ಲ ಟಾಟನ್‌ಹ್ಯಾಮ್ ಕೋರ್ಟ್ ರೋಡ್. ಊರಿನ ನಟ್ಟನಡುವೆ ಬಂದಿರಿ ಅಂತಲೇ ಲೆಕ್ಕ. ಇಲ್ಲೊಂದು ಎಚ್ಚರ. ಈ ರೈಲು 200 ಮೀಟರಿಗಿಂತ ಉದ್ದ, ಪ್ಲಾಟ್‌ಫಾರ್ಮಿನ ಎರಡೂ ತುದಿಗೆ ಹೊರದಾರಿ ಇದೆ. ಬ್ರಿಟಿಷ್ ಮ್ಯೂಸಿಯಂಗೆ ಹೋಗುವವರು 'ಡೀನ್ ಸ್ಟ್ರೀಟ್' ಎಂಬ ಬೋರ್ಡ್ ಹಿಡಿದು ಹೊರಟರೆ ಸೋಹೋ ಎಂಬ ಬೇರೆ ಬಡಾವಣೆಯಲ್ಲಿ ತೇಲುತ್ತೀರಿ, ಸುಮ್ನೆ ಅಷ್ಟುದ್ದ ವಾಪಸ್ ನಡೆಯಬೇಕು. 'ಟಾಟನ್‌ಹ್ಯಾಮ್ ಕೋರ್ಟ್ ರೋಡ್' ಎಂದೇ ಬರೆದಿರುವ ಕಡೆ ಹೋಗಿ.

ಅಲ್ಲಿಂದ ಮುಂದೆ ಬಸ್ಸೇ ನಿಮ್ಮ ಗಾಡಿ. ಟೂರ್ ಬಸ್ಸಲ್ಲ, ಆ ಊರಿನವರು ಕೆಲಸಕ್ಕೆ ಹೋಗುವ ಕೆಂಪು ಬಸ್ಸು. ಬಸ್ ಸ್ಟಾಪಿನ ಕಂಬದ ಮೇಲೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಒಂದೇ ರಸ್ತೆಯಲ್ಲಿ ನಾಲ್ಕೈದು ಕಂಬ ಇರುವುದರಿಂದ ಯಾವ ಅಕ್ಷರದ ಕೆಳಗೆ ನಿಲ್ಲಬೇಕು ಅಂತ ಮೊಬೈಲಿನಲ್ಲಿ ನೋಡಿಕೊಳ್ಳಿ. ಬಸ್ಸು ಬಂದಾಗ ಕೈ ತೋರಿಸಿ. ಮುಂದಿನ ಬಾಗಿಲಲ್ಲಿ ಹತ್ತಿ, ಡ್ರೈವರ್ ಪಕ್ಕದ ಹಳದಿ ಯಂತ್ರಕ್ಕೆ ಕಾರ್ಡ್ ಮುಟ್ಟಿಸಿದರೆ ಆಯಿತು. ಕಂಡಕ್ಟರ್ ಇಲ್ಲ, ಚಿಲ್ಲರೆ ಜಗಳವೂ ಇಲ್ಲ. 2014ರಿಂದ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದಾರೆ. ನೆಲ ತಗ್ಗಿನಲ್ಲಿದೆ, ಮುಂಭಾಗದಲ್ಲೇ ವಯಸ್ಸಾದವರಿಗೆ ಮೀಸಲು ಸೀಟುಗಳಿವೆ. ಮುಂದಿನ ಸ್ಟಾಪ್ ಯಾವುದು ಅಂತ ಕೂಗಿಯೂ ಹೇಳುತ್ತದೆ, ಬರೆದೂ ತೋರಿಸುತ್ತದೆ. ಇಳಿಯುವಾಗ ಬಸ್ಸಿನೊಳಗಿನ ಕಂಬದ ಮೇಲಿನ ಕೆಂಪು ಗುಂಡಿ ಒತ್ತಿ, ನಡುವಿನ ಬಾಗಿಲಿಂದ ಇಳಿಯಿರಿ. ಇಳಿಯುವಾಗ ಕಾರ್ಡ್ ಮುಟ್ಟಿಸುವ ಹಾಗಿಲ್ಲ. ಮಹಡಿಯ ಮುಂದಿನ ಸೀಟಿಗೆ ಆಸೆ ಬಿದ್ದು ಬಸ್ಸು ಚಲಿಸುವಾಗ ಮೆಟ್ಟಿಲು ಹತ್ತಬೇಡಿ, ನೀವೂ ಅಷ್ಟೇ.

24ನೇ ನಂಬರ್ ಬಸ್ಸು ಚಾರಿಂಗ್ ಕ್ರಾಸ್ ರೋಡ್, ಟ್ರಫಾಲ್ಗರ್ ಸ್ಕ್ವೇರ್, ವೈಟ್‌ಹಾಲ್ ದಾಟಿ ಪಾರ್ಲಿಮೆಂಟ್ ಮುಂದೆ ಹೋಗುತ್ತದೆ. 15ನೇ ನಂಬರ್ ಹಿಡಿದರೆ ಟ್ರಫಾಲ್ಗರ್ ಸ್ಕ್ವೇರ್ ಕಡೆಯಿಂದ ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್, ಆಮೇಲೆ ಟವರ್ ಆಫ್ ಲಂಡನ್. ದುಡ್ಡು ಕೊಟ್ಟು ಟೂರ್ ಬಸ್ಸಿನಲ್ಲಿ ನೋಡುವುದರಲ್ಲಿ ಬಹುಪಾಲು ಇಷ್ಟರಲ್ಲೇ ಆಯಿತು, ಅಲ್ವಾ? ಎಷ್ಟು ದೂರ ಹೋದರೂ ಬಸ್ಸಿಗೆ ಒಂದೇ ದರ. ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಇನ್ನೆಷ್ಟು ಬಸ್ಸು ಬದಲಿಸಿದರೂ ಮತ್ತೆ ಕೊಡಬೇಕಿಲ್ಲ. ಟ್ರಾಫಿಕ್ಕಿನಲ್ಲಿ ಬಸ್ಸು ತೆವಳುತ್ತದೆ, ನಿಜ. ರಿಟೈರ್ ಆದವರಿಗೆ ಯಾವ ಬೆಲ್ ಹೊಡೆಯುತ್ತದೆ ಬಿಡಿ.

ಇನ್ನು ಕಾರ್ಡ್. ಇಬ್ಬರಿಗೂ ಒಂದೇ ಕಾರ್ಡ್ ನಡೆಯುವುದಿಲ್ಲ, ತಲೆಗೊಂದು ಬೇಕು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಆಗಿರಲಿ, ರುಪೇ ನಂಬಿಕೊಂಡು ಹೋಗಬೇಡಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದಾಗಿ ನಮ್ಮ ಕಾರ್ಡುಗಳಲ್ಲಿ ವಿದೇಶದ ಬಳಕೆ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಹೊರಡುವ ಮುಂಚೆಯೇ ಬ್ಯಾಂಕ್ ಆಪ್‌ನಲ್ಲಿ ಅದನ್ನೂ, ಮುಟ್ಟಿಸಿ ಪಾವತಿ ಮಾಡುವುದನ್ನೂ ಆನ್ ಮಾಡಿಸಿಕೊಳ್ಳಿ. ವಿದೇಶಿ ವಹಿವಾಟಿಗೆ ಬ್ಯಾಂಕಿನವರು ಎಷ್ಟು ಕೀಳುತ್ತಾರೆ ಅಂತಲೂ ಕೇಳಿ. ಜಾಸ್ತಿ ಅನ್ನಿಸಿದರೆ, ಅಥವಾ ಗೇಟು ನಿಮ್ಮ ಕಾರ್ಡನ್ನು ಒಪ್ಪದಿದ್ದರೆ, ನಿಲ್ದಾಣದಲ್ಲೇ ಆಯ್‌ಸ್ಟರ್ ಕಾರ್ಡ್ ಸಿಗುತ್ತದೆ, ದುಡ್ಡು ತುಂಬಿಸಿಕೊಂಡರೆ ಆಯಿತು. ಯಾವುದೇ ಇರಲಿ, ಬೆಳಿಗ್ಗೆ ಮುಟ್ಟಿಸಿದ್ದನ್ನೇ ರಾತ್ರಿಯವರೆಗೂ ಮುಟ್ಟಿಸಿ. ದಿನಕ್ಕೆ ಇಷ್ಟೇ ಅಂತ ಒಂದು ಮಿತಿ ಇದೆ, ಅದು ತುಂಬಿದ ಮೇಲೆ ಹಣ ಕತ್ತರಿಸುವುದಿಲ್ಲ. ನಡುವೆ ಕಾರ್ಡ್ ಬಿಟ್ಟು ಅದೇ ಕಾರ್ಡಿರುವ ಫೋನ್ ಮುಟ್ಟಿಸಿದರೂ ಯಂತ್ರದ ಲೆಕ್ಕದಲ್ಲಿ ನೀವು ಬೇರೆ ಆಸಾಮಿ. ರೈಲಿಗಾದರೆ ನಿಲ್ದಾಣದ ಒಳಗೆ ಹೋಗುವಾಗ, ಹೊರಗೆ ಬರುವಾಗ ಎರಡೂ ಸಲ ಮುಟ್ಟಿಸಬೇಕು. ಮರೆತರೆ ಗರಿಷ್ಠ ದರ ಹಾಕುತ್ತಾರೆ.

ಹಿರಿಯರ ಉಚಿತ ಪಾಸು ಅಲ್ಲಿಯ ನಿವಾಸಿಗಳಿಗೆ ಮಾತ್ರ. ನಿಮ್ಮ ಆಧಾರ್ ಕಾರ್ಡ್ ಮನೆಯಲ್ಲೇ ಇರಲಿ. ಆದರೆ ಬೆಳಿಗ್ಗೆ ಒಂಬತ್ತೂವರೆ ಆದಮೇಲೆ ರೈಲು ಹತ್ತಿದರೆ ದರವೂ ಕಡಿಮೆ, ಕೂರಲು ಸೀಟೂ ಸಿಗುತ್ತದೆ. ಸಂಜೆ ನಾಲ್ಕರೊಳಗೆ ಮನೆ ಕಡೆ ತಿರುಗಿ.

ರಸ್ತೆ ದಾಟುವುದಕ್ಕೆ ಹೆದರಬೇಡಿ. ಅಲ್ಲೂ ನಮ್ಮ ಹಾಗೆ ವಾಹನ ಎಡಕ್ಕೇ. ಹಳದಿ ಗೋಳ ಮಿನುಗುವ ಕಂಬದ ಹತ್ತಿರ ಜೀಬ್ರಾ ಪಟ್ಟೆ ಇರುತ್ತದೆ. ಅಲ್ಲಿ ನೀವು ಕಾಲಿಟ್ಟರೆ ಕಾರು ನಿಲ್ಲುತ್ತದೆ. ನಮ್ಮವರು 'ಅದು ಮೊದಲು ಹೋಗಲಿ' ಅಂತ ನಿಂತೇ ಇರುತ್ತಾರೆ, ಡ್ರೈವರ್ 'ನೀವು ಹೋಗಿ' ಅಂತ ಕೈ ಆಡಿಸುತ್ತಾನೆ. ಶೌಚಾಲಯದ್ದು ಮಾತ್ರ ನಿಜವಾದ ತಾಪತ್ರಯ, ಬೀದಿಯಲ್ಲಿ ಸಿಗುವುದು ಕಷ್ಟ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ ಇವಕ್ಕೆ ಪ್ರವೇಶ ಉಚಿತ. ಚಿತ್ರ ನೋಡುವ ಮನಸ್ಸಿಲ್ಲದಿದ್ದರೂ ಒಳಗೆ ಹೋಗಿ ಬನ್ನಿ!

ಬಸವಣ್ಣನವರ ಪ್ರತಿಮೆಯ ಬಗ್ಗೆಯೂ ಕೇಳಿದ್ದೀರಿ. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ, ಪಾರ್ಲಿಮೆಂಟ್‌ನ ಆಚೆ ದಡ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಹೋದರೆ ನದಿ ದಂಡೆಗೆ ಮೆಟ್ಟಿಲಿಳಿಯಬೇಕಾಗುತ್ತದೆ. ಅದು ಬೇಡ. 24ನೇ ಬಸ್ಸಿನಿಂದ ಪಾರ್ಲಿಮೆಂಟ್ ಹತ್ತಿರ ಇಳಿದು, ಈಚೆ ದಡದಲ್ಲೇ ಲ್ಯಾಂಬೆತ್ ಸೇತುವೆವರೆಗೆ ನಡೆದು, ಅದನ್ನು ದಾಟಿ ಬಲಕ್ಕೆ ತಿರುಗಿ. ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ಕಿಲೋಮೀಟರ್, ಏರಿಳಿತ ಏನೂ ಇಲ್ಲ.

ಶನಿವಾರ, ಭಾನುವಾರ ಮಾತ್ರ ನಿಮ್ಮಷ್ಟಕ್ಕೆ ಹೊರಡಬೇಡಿ. ರಿಪೇರಿ ಅಂತ ಒಂದೊಂದು ಮಾರ್ಗ ಬಂದ್ ಮಾಡುತ್ತಾರೆ. ಲಂಡನ್ ಸಾರಿಗೆಯವರ ಟಿಎಫ್ಎಲ್ ಗೋ ಎಂಬ ಆಪ್‌ನಲ್ಲಿ ಅದು ಮುಂಚೆಯೇ ಗೊತ್ತಾಗುತ್ತದೆ, ಮೆಟ್ಟಿಲಿಲ್ಲದ ದಾರಿಯನ್ನೂ ಅದೇ ತೋರಿಸುತ್ತದೆ. ಹೇಗೂ ಮಗಳು, ಅಳಿಯ ಮನೆಯಲ್ಲಿರುತ್ತಾರೆ. ಗ್ರೀನಿಚ್ ಅವತ್ತಿಗೆ ಇಟ್ಟುಕೊಳ್ಳಿ. 'ಬ್ಯಾಂಕ್' ಎಂಬ ಹೆಸರಿನ ನಿಲ್ದಾಣದಿಂದ ಡಿಎಲ್ಆರ್ (ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ) ರೈಲು ಇದೆ. ಅದಕ್ಕೆ ಡ್ರೈವರ್ ಕ್ಯಾಬಿನ್ ಇಲ್ಲ, ಮುಂದಿನ ಸೀಟು ಖಾಲಿ ಇದ್ದರೆ ನಿಮ್ಮದೇ. ಡಿಎಲ್ಆರ್‌ನ ಎಷ್ಟೋ ನಿಲ್ದಾಣಗಳಲ್ಲಿ ಗೇಟೇ ಇರುವುದಿಲ್ಲ, ಯಂತ್ರ ಎಲ್ಲಿದೆ ಅಂತ ಹುಡುಕಿ ಕಾರ್ಡ್ ಮುಟ್ಟಿಸಿಯೇ ಹೊರಗೆ ಬನ್ನಿ.

– ಸಂಪಾದಕ