ಸಂಪಾದಕರ ಉತ್ತರ: ಕರುಳಿನ ಬ್ಯಾಕ್ಟೀರಿಯಾ, ಅಣ್ಣನ ಕಾಯಿಲೆ ಮತ್ತು ನಮ್ಮ ತಲೆಬರಹ

ಮಾನ್ಯ ಓದುಗರೇ,

ಕುಮಟಾ ಸಮೀಪದ ನಿಮ್ಮ ಊರಿನಿಂದ ಬಂದ ನಾಲ್ಕು ಪುಟಗಳ ಪತ್ರ ಶಿರಸಿಯ ನಮ್ಮ ಕಚೇರಿಗೆ ತಲುಪಿದೆ. ಹೆಸರು ಪ್ರಕಟಿಸಬೇಡಿ ಎಂದು ಕೇಳಿದ್ದೀರಿ, ಹಾಗೆಯೇ ಆಗಲಿ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ನಿಮ್ಮ ಅಣ್ಣನವರಿಗೆ 48ನೆಯ ವಯಸ್ಸಿನಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಪತ್ತೆಯಾಗಿದೆ. ಅದಕ್ಕೂ ಮೊದಲು ಸುಮಾರು ಒಂದು ವರ್ಷ ಮಲದಲ್ಲಿ ರಕ್ತ ಕಾಣಿಸುತ್ತಿದ್ದರೂ ಮೂಲವ್ಯಾಧಿಯೆಂದು ತಿಳಿದು ಮನೆಮದ್ದು ಮಾಡಿದ್ದಾರೆ. ‘ಕರುಳಿನ ಕ್ಯಾನ್ಸರ್‌ಗೆ ಬ್ಯಾಕ್ಟೀರಿಯಾ ಕಾರಣ’ ಎಂಬ ನಮ್ಮ ಕಳೆದ ಸಂಚಿಕೆಯ ಲೇಖನವನ್ನು ಓದಿದ ಮೇಲೆ ಮನೆಯಲ್ಲಿ ಅವರ ತಟ್ಟೆ, ಲೋಟಗಳನ್ನು ಬೇರೆ ಇಡಲಾಗಿದೆ. 43 ವರ್ಷದ ನೀವು, ಒಳ್ಳೆಯ ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್ ಕೊಳ್ಳಬೇಕೇ, ಮಲದ ಮಾದರಿಯನ್ನು ಅಂಚೆಯಲ್ಲಿ ಕಳಿಸಿ ಕರುಳಿನ ಬ್ಯಾಕ್ಟೀರಿಯಾಗಳ ಪಟ್ಟಿ ತರಿಸಿಕೊಳ್ಳಬೇಕೇ, ಇಲ್ಲವೇ ಮಾತ್ರೆ ನುಂಗಿ ಆ ಕೆಟ್ಟ ಬ್ಯಾಕ್ಟೀರಿಯಾವನ್ನೇ ಕೊಂದುಬಿಡಬಹುದೇ ಎಂದು ಕೇಳಿದ್ದೀರಿ.

ಮೊದಲು ತಟ್ಟೆಯ ವಿಷಯ. ಕ್ಯಾನ್ಸರ್ ಅಂಟುವ ರೋಗವಲ್ಲ. ನಾನು ಮುಂದೆ ಹೇಳಲಿರುವ ಬ್ಯಾಕ್ಟೀರಿಯಾಗಳು ಆರೋಗ್ಯವಂತರ ಬಾಯಲ್ಲಿ, ಕರುಳಿನಲ್ಲಿ ಈಗಾಗಲೇ ನೆಲೆಸಿರುವಂಥವು. ನಿಮ್ಮಲ್ಲಿಯೂ ಇರಬಹುದು, ನನ್ನಲ್ಲಿಯೂ ಇರಬಹುದು. ಅಣ್ಣನವರನ್ನು ಇಂದೇ ಎಲ್ಲರ ಪಂಕ್ತಿಯಲ್ಲಿ ಕೂರಿಸಿ ಊಟ ಬಡಿಸಿ. ಈ ಅವಾಂತರಕ್ಕೆ ನಮ್ಮ ತಲೆಬರಹವೇ ಮೂಲವೆಂದು ಒಪ್ಪಿಕೊಳ್ಳುತ್ತೇನೆ. ಲೇಖಕರು ‘ಸಂಬಂಧ’ ಎಂದು ಬರೆದಿದ್ದರು. ಪುಟ ಕಟ್ಟುವ ಅವಸರದಲ್ಲಿ ಅದನ್ನು ‘ಕಾರಣ’ ಎಂದು ಬದಲಿಸಿದವನು ನಾನು.

ಈ ಎರಡು ಪದಗಳ ನಡುವಿನ ಅಂತರವನ್ನು ತಿಳಿಯಲು ಹೊಟ್ಟೆಯ ಇನ್ನೊಂದು ಬ್ಯಾಕ್ಟೀರಿಯಾದ ಕಥೆ ನೆರವಾಗುತ್ತದೆ. ಜಠರದಲ್ಲಿ ಹುಣ್ಣು ಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿಯನ್ನು ಗುರುತಿಸಿದ್ದಕ್ಕಾಗಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂದಿತು. ಅದು ಜಠರದ ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1994ರಲ್ಲಿಯೇ ಘೋಷಿಸಿತ್ತು. ಅಲ್ಲಿ ಅಪರಾಧಿಯ ಹೆಸರು ಗೊತ್ತು, ಪರೀಕ್ಷೆ ಇದೆ, ಔಷಧವೂ ಇದೆ. ದೊಡ್ಡಕರುಳಿನ ವಿಷಯ ಇನ್ನೂ ಆ ಹಂತಕ್ಕೆ ಬಂದಿಲ್ಲ. ಇಲ್ಲಿ ಒಂದಲ್ಲ, ಹಲವು ಶಂಕಿತರಿದ್ದಾರೆ.

ಅವರಲ್ಲಿ ಮುಖ್ಯವಾದುದು ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ. ಇದರ ಸಹಜ ವಾಸಸ್ಥಾನ ಬಾಯಿ. ವಸಡು ಊದಿ ಕೀವಾಗುವವರಲ್ಲಿ ಹೇರಳವಾಗಿ ಕಾಣುತ್ತದೆ. 2012ರಲ್ಲಿ ಕೆನಡಾದ ಒಂದು ತಂಡ ಮತ್ತು ಅಮೆರಿಕದ ಇನ್ನೊಂದು ತಂಡ, ಪ್ರತ್ಯೇಕವಾಗಿ, ದೊಡ್ಡಕರುಳಿನ ಕ್ಯಾನ್ಸರ್ ಗಡ್ಡೆಯೊಳಗೆ ಇದು ಪಕ್ಕದ ಆರೋಗ್ಯಕರ ಭಾಗಕ್ಕಿಂತ ಹೆಚ್ಚಾಗಿರುವುದನ್ನು ತೋರಿಸಿದವು. 2017ರಲ್ಲಿ ಇನ್ನೂ ಕುತೂಹಲದ ಸಂಗತಿ ಹೊರಬಿತ್ತು: ಕ್ಯಾನ್ಸರ್ ಯಕೃತ್ತಿಗೆ ಹರಡಿದಾಗ ಬ್ಯಾಕ್ಟೀರಿಯಾವೂ ಅದರ ಜೊತೆಗೇ ಅಲ್ಲಿಗೆ ಹೋಗಿತ್ತು. 2024ರಲ್ಲಿ ಸಿಯಾಟಲ್‌ನ ಸಂಶೋಧಕರು, ಈ ಬ್ಯಾಕ್ಟೀರಿಯಾದ ಒಂದು ಉಪಗುಂಪು ಜಠರದ ಆಮ್ಲವನ್ನು ತಡೆದುಕೊಳ್ಳುವ ಸಾಮರ್ಥ್ಯ ಪಡೆದಿದೆಯೆಂದೂ, ಅವರು ಪರೀಕ್ಷಿಸಿದ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅದೇ ಇತ್ತೆಂದೂ ವರದಿ ಮಾಡಿದರು. ಬಾಯಲ್ಲಿರಬೇಕಾದುದು ಕರುಳಿನ ಕೊನೆಯವರೆಗೆ ಹೇಗೆ ತಲುಪಿತೆಂಬ ಪ್ರಶ್ನೆಗೆ ಇದರಿಂದ ಸ್ವಲ್ಪ ಉತ್ತರ ಸಿಕ್ಕಿತು. ಆದರೂ ಗಡ್ಡೆಯನ್ನು ಹುಟ್ಟಿಸಿದ್ದು ಅದೇ ಎನ್ನಲು ಇಷ್ಟು ಸಾಲದು. ಕೊಳೆತ ಹಲಸಿನ ಹಣ್ಣಿನ ಸುತ್ತ ನೊಣಗಳು ಮುತ್ತಿಕೊಂಡಿದ್ದರೆ ಹಣ್ಣನ್ನು ಕೊಳೆಸಿದ್ದು ನೊಣವೆಂದು ನಾವು ಹೇಳುವುದಿಲ್ಲವಲ್ಲ! ಬಂದ ನೊಣ ಕೊಳೆತವನ್ನು ಇನ್ನಷ್ಟು ಹೆಚ್ಚಿಸುವುದು ಬೇರೆ ಮಾತು, ಮತ್ತು ಫ್ಯೂಸೋಬ್ಯಾಕ್ಟೀರಿಯಂ ಹಾಗೆ ಮಾಡುತ್ತದೆ ಎನ್ನಲು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಬಲವಾದ ಪುರಾವೆ ಇದೆ.

ಎರಡನೆಯ ಶಂಕಿತನ ಮೇಲಿನ ಆರೋಪ ಇದಕ್ಕಿಂತ ಗಟ್ಟಿ. ನಮ್ಮೆಲ್ಲರ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಕೋಲಿಬ್ಯಾಕ್ಟಿನ್ ಎಂಬ ವಿಷವನ್ನು ತಯಾರಿಸುತ್ತವೆ. ಅದು ಜೀವಕೋಶದ ಡಿಎನ್‌ಎಯನ್ನು ನೇರವಾಗಿ ಕೆಡಿಸುತ್ತದೆ. 2020ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕರುಳಿನ ಪುಟ್ಟ ಅಂಗಾಂಶಗಳನ್ನು ಐದು ತಿಂಗಳ ಕಾಲ ಈ ತಳಿಗೆ ಒಡ್ಡಿ, ಅದು ಡಿಎನ್‌ಎಯಲ್ಲಿ ಬಿಡುವ ಗಾಯದ ಗುರುತು ಎಂಥದೆಂದು ಕಂಡುಕೊಂಡರು. ಅದೇ ಗುರುತು ನಿಜವಾದ ರೋಗಿಗಳ ಗಡ್ಡೆಗಳಲ್ಲಿಯೂ ಸಿಕ್ಕಿತು. 2025ರಲ್ಲಿ 11 ದೇಶಗಳ 981 ರೋಗಿಗಳ ಗಡ್ಡೆಗಳನ್ನು ಪರಿಶೀಲಿಸಿದಾಗ, 70 ದಾಟಿದ ಮೇಲೆ ರೋಗ ಬಂದವರಿಗಿಂತ 40ರೊಳಗೆ ಬಂದವರಲ್ಲಿ ಈ ಗುರುತು 3.3 ಪಟ್ಟು ಹೆಚ್ಚು ಕಂಡಿತು. ಆ ಗಾಯ ಬಹುಶಃ ಬದುಕಿನ ಮೊದಲ ಹತ್ತು ವರ್ಷಗಳಲ್ಲೇ ಆಗಿರಬೇಕೆಂಬುದು ಸಂಶೋಧಕರ ಅಭಿಪ್ರಾಯ. ಕಳ್ಳ ಹೋಗಿ ಎಷ್ಟೋ ವರ್ಷಗಳಾದ ಮೇಲೆ ಬೆರಳಚ್ಚು ಸಿಕ್ಕಂತೆ ಇದು. 43ರ ವಯಸ್ಸಿನಲ್ಲಿ ಮಲದಲ್ಲಿ ಅದನ್ನು ಹುಡುಕಿದರೆ ಬಾಲ್ಯದಲ್ಲಿ ಏನಾಗಿತ್ತೆಂಬುದು ತಿಳಿಯುವುದಿಲ್ಲ.

ನಿಮ್ಮ ಪರೀಕ್ಷಾ ಕಿಟ್‌ನ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಅಂಚೆಯಲ್ಲಿ ಬರುವ ಬಣ್ಣಬಣ್ಣದ ವರದಿಯನ್ನು ಹಿಡಿದು ನಿಮಗೆ ಕ್ಯಾನ್ಸರ್ ಇದೆಯೆಂದಾಗಲಿ, ಇಲ್ಲವೆಂದಾಗಲಿ ಹೇಳಲು ಯಾವ ವೈದ್ಯರಿಗೂ ಸಾಧ್ಯವಿಲ್ಲ. ಆ ಹಣವನ್ನು ಉಳಿಸಿಡಿ, ಬೇರೆ ಕೆಲಸಕ್ಕೆ ಬೇಕಾಗುತ್ತದೆ.

ಮಾತ್ರೆಯ ಪ್ರಶ್ನೆ ನನಗೆ ಹೆಚ್ಚು ಕಳವಳ ತಂದಿತು. ಮೇಲೆ ಹೇಳಿದ 2017ರ ಅಧ್ಯಯನದಲ್ಲಿ, ಮಾನವ ಗಡ್ಡೆಯನ್ನು ಕಸಿ ಮಾಡಿದ ಇಲಿಗಳಿಗೆ ಮೆಟ್ರೊನಿಡಜೋಲ್ ಕೊಟ್ಟಾಗ ಗಡ್ಡೆಯ ಬೆಳವಣಿಗೆ ನಿಧಾನವಾಯಿತೆಂಬುದು ನಿಜ. ಭೇದಿಯಾದಾಗ ನಮ್ಮ ಕಡೆ ಚೀಟಿಯಿಲ್ಲದೆಯೇ ಅಂಗಡಿಯಿಂದ ತಂದು ನುಂಗುವ ಮಾತ್ರೆಯೇ ಅದು, ಆದ್ದರಿಂದ ಮನಸ್ಸು ಅತ್ತ ಹೋಗುವುದು ಸಹಜ. ಇಲಿಯಲ್ಲಿ ಕಂಡದ್ದು ಮನುಷ್ಯನಿಗೆ ಚಿಕಿತ್ಸೆಯಾಗಿ ಇನ್ನೂ ಒದಗಿಲ್ಲ. ಅಂಥ ಮಾತ್ರೆ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಜೊತೆಗೇ ಅಳಿಸುತ್ತದೆ. ಕ್ಯಾಪ್ಸೂಲ್ ಕೂಡ ಬೇಡ. ಕರುಳಿನ ಕ್ಯಾನ್ಸರನ್ನು ತಡೆಯುತ್ತದೆಂದು ಸಾಬೀತಾದ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಇಂಥ ಕ್ಯಾಪ್ಸೂಲ್) ಒಂದೂ ಇಲ್ಲ. ಕೀಮೋಥೆರಪಿ ನಡೆಯುವಾಗ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ, ಅದರಲ್ಲಿನ ಜೀವಂತ ಬ್ಯಾಕ್ಟೀರಿಯಾಗಳೇ ಅಪರೂಪಕ್ಕೆ ರಕ್ತಕ್ಕೆ ಇಳಿದು ಸೋಂಕು ಮಾಡಿದ ಉದಾಹರಣೆಗಳಿವೆ. ಅಣ್ಣನವರಿಗಂತೂ ಅವರ ವೈದ್ಯರನ್ನು ಕೇಳದೆ ಕೊಡಲೇಬೇಡಿ.

ಹಾಗಾದರೆ ಬ್ಯಾಕ್ಟೀರಿಯಾಗಳ ಸುದ್ದಿಯಿಂದ ನಮಗೆ ಪ್ರಯೋಜನವೇ ಇಲ್ಲವೇ? ಊಟದ ವಿಷಯದಲ್ಲಿ ಇದೆ. ನಾವು ಜೀರ್ಣಿಸಿಕೊಳ್ಳಲಾಗದ ನಾರನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಹುಳಿಸಿ ಬ್ಯುಟಿರೇಟ್ ಎಂಬ ವಸ್ತುವನ್ನು ತಯಾರಿಸುತ್ತವೆ; ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ, ಉರಿಯೂತವನ್ನು ತಗ್ಗಿಸುವುದೂ ಅದೇ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ 20 ಕಪ್ಪು ಜನರಿಗೂ ದಕ್ಷಿಣ ಆಫ್ರಿಕಾದ ಹಳ್ಳಿಯ 20 ಜನರಿಗೂ ಎರಡು ವಾರ ಊಟವನ್ನು ಅದಲುಬದಲು ಮಾಡಿದರು. ಹಳ್ಳಿಯ ನಾರಿನ ಊಟ ಉಂಡ ಅಮೆರಿಕನ್ನರ ಕರುಳಿನಲ್ಲಿ ಬ್ಯುಟಿರೇಟ್ ಏರಿ ಉರಿಯೂತ ಇಳಿಯಿತು, ಕೊಬ್ಬಿನ ಊಟಕ್ಕೆ ಬಂದ ಹಳ್ಳಿಯವರಲ್ಲಿ ಇದರ ತಿರುಗುಮುರುಗು. ಎರಡೇ ವಾರಗಳ ಪ್ರಯೋಗವಾದ್ದರಿಂದ ಅದು ಅಳೆದದ್ದು ಕ್ಯಾನ್ಸರನ್ನಲ್ಲ, ಅದರತ್ತ ಒಯ್ಯುವ ಲಕ್ಷಣಗಳನ್ನು.

ನಿಮ್ಮ ತಾಯಿಯವರು ಮಾಡುವ ಕೆಂಪು ಕುಚಲಕ್ಕಿ ಗಂಜಿ, ಬಾಳೆದಿಂಡಿನ ಪಲ್ಯ, ಹೆಸರುಕಾಳಿನ ಉಸಲಿ ಈ ದೃಷ್ಟಿಯಿಂದ ಒಳ್ಳೆಯ ಊಟ. ಒಂದೆಲಗದ ತಂಬುಳಿಯೂ ಇರಲಿ, ಆದರೆ ಅದರಲ್ಲಿ ನಾರು ಅಷ್ಟೇನೂ ಇಲ್ಲ. ತಂಬುಳಿಯನ್ನು ಔಷಧಿ ಮಾಡುವ ನಮ್ಮ ಘಟ್ಟದ ಮೇಲಿನವರ ಉತ್ಸಾಹಕ್ಕೆ ನಾನು ಸಹಿ ಹಾಕಲಾರೆ. ಒಣಮೀನಿನ ಬಗ್ಗೆಯೂ ಕೇಳಿದ್ದೀರಿ. ದಿನಕ್ಕೆ 50 ಗ್ರಾಂ ತಿಂದರೆ ಅಪಾಯ ಶೇಕಡಾ 18ರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಹೇಳಿದ್ದು ಸಾಸೇಜ್, ಬೇಕನ್‌ಗಳಂಥ ಸಂಸ್ಕರಿಸಿದ ಮಾಂಸಕ್ಕೆ. ಆ ವರ್ಗದಲ್ಲಿ ಮೀನು ಸೇರಿಲ್ಲ. ಒಣಮೀನಿನ ಉಪ್ಪು ರಕ್ತದೊತ್ತಡಕ್ಕೆ ಕೆಟ್ಟದ್ದೆಂಬುದು ಬೇರೆ ವಿಚಾರ. ಮದ್ಯ, ತಂಬಾಕು ಮತ್ತು ಬೊಜ್ಜು ಕರುಳಿನ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತವೆಂಬುದರಲ್ಲಿ ಸಂದೇಹವಿಲ್ಲ.

ಇಷ್ಟೆಲ್ಲ ಬರೆದ ಮೇಲೂ, ನಿಮ್ಮ ಪತ್ರದಲ್ಲಿ ನೀವು ಕೇಳದೆ ಬಿಟ್ಟ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಒಡಹುಟ್ಟಿದವರಿಗೆ 60ರೊಳಗೆ ಈ ಕ್ಯಾನ್ಸರ್ ಬಂದಿದ್ದರೆ, 40ನೆಯ ವಯಸ್ಸಿನಲ್ಲಿ ಅಥವಾ ಅವರಿಗೆ ರೋಗ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ, ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ತೆಳು ಕೊಳವೆ ಹಾಯಿಸಿ ದೊಡ್ಡಕರುಳಿನ ಒಳಭಾಗವನ್ನು ನೋಡುವ ಪರೀಕ್ಷೆ) ಮಾಡಿಸಿಕೊಳ್ಳಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಆ ಲೆಕ್ಕದಲ್ಲಿ ನೀವು 38ಕ್ಕೇ ಹೋಗಬೇಕಿತ್ತು. ನಿಮ್ಮ ಅಕ್ಕನವರಿಗೂ ಇದೇ ಮಾತು ಅನ್ವಯಿಸುತ್ತದೆ. ಕರುಳಿನ ಗೋಡೆಯಲ್ಲಿ ಏಳುವ ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಹಿಡಿಯುತ್ತದೆ, ಕೊಲೊನೋಸ್ಕೋಪಿ ಮಾಡುವಾಗಲೇ ಅದನ್ನು ಕತ್ತರಿಸಿ ತೆಗೆಯಬಹುದು. ಸರ್ಕಾರದ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಮಾತ್ರ ಇರುವುದರಿಂದ ಯಾರೂ ಮನೆಗೆ ಬಂದು ಇದನ್ನು ನಿಮಗೆ ನೆನಪಿಸುವುದಿಲ್ಲ.

ಎಲ್ಲಿ ಮಾಡಿಸುವುದೆಂಬುದು ನಮ್ಮ ಜಿಲ್ಲೆಯವರ ಹಳೆಯ ಸಂಕಟ. ಕಾರವಾರದ ವೈದ್ಯಕೀಯ ಕಾಲೇಜಿನಲ್ಲಿ ಮೊದಲು ವಿಚಾರಿಸಿ. ಆಗದಿದ್ದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕಾದೀತು. ಹಿಂದಿನ ದಿನ ತಿಳಿಯಾದ ದ್ರವವನ್ನಷ್ಟೇ ಕುಡಿಯಲು ಹೇಳುತ್ತಾರೆ. ಎಳನೀರು ಆಗುತ್ತದೆ, ಮಜ್ಜಿಗೆ ಆಗದು, ಮುರುಗಲು ಪಾನಕದ ಕೆಂಪು ಕರುಳಿನೊಳಗೆ ರಕ್ತದಂತೆ ಕಂಡು ಗೊಂದಲ ಮಾಡುವುದರಿಂದ ಅದೂ ಬೇಡ. ಸಕ್ಕರೆ ಕಾಯಿಲೆಯ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಮಂಪರು ಬರುವ ಔಷಧ ಕೊಡುತ್ತಾರಾದ್ದರಿಂದ ಜೊತೆಗೊಬ್ಬರಿರಲಿ. ಹುಬ್ಬಳ್ಳಿಗೆ ಹೋಗುವುದಾದರೆ ಹಿಂದಿನ ದಿನವೇ ಹೋಗಿ ಆಸ್ಪತ್ರೆಯ ಹತ್ತಿರ ಉಳಿದುಕೊಳ್ಳಿ. ಕರುಳು ತೊಳೆಯುವ ಔಷಧ ಕುಡಿದು ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಕೂರುವುದು ಆಗದ ಕೆಲಸ.

ಸಂಪಾದಕ