ಪೆನ್ ಸೀಳಿದ್ದು ಉಳಿಯ ತಪ್ಪಲ್ಲ, ಹಸಿ ಕಟ್ಟಿಗೆಯದು

ಪ್ರಶ್ನೆ: ಸಿಂಧನೂರಿನ ನಿವೃತ್ತ ಶಿಕ್ಷಕ ನಾನು. ಹೊತ್ತು ಹೋಗಲಿ ಅಂತ ಸಣ್ಣ ಲೇತ್ (ತುಂಡನ್ನು ತಿರುಗಿಸುತ್ತಾ ಉಳಿಯಿಂದ ಕೆತ್ತುವ ಯಂತ್ರ) ತಂದು ಕಟ್ಟಿಗೆಯ ಬಾಲ್ ಪೆನ್ ಮಾಡಲು ಕಲಿಯುತ್ತಿದ್ದೇನೆ. ಮನೆ ಮುಂದಿನ ಬೇವಿನ ಕೊಂಬೆ ಕಡಿಸಿದ್ದೆವು. ಅದರಲ್ಲೇ ನಾಲ್ಕು ಪೆನ್ ಮಾಡಿದೆ. ಮಾಡಿದ ದಿನ ಚೆನ್ನಾಗಿದ್ದವು, ತಿಂಗಳೊಳಗೆ ನಾಲ್ಕೂ ಉದ್ದಕ್ಕೆ ಸೀಳಿದವು. ನಾನು ಉಳಿ ಹಿಡಿಯುವ ರೀತಿ ತಪ್ಪಾ? ನಮ್ಮ ಕಡೆ ಸಿಗುವ ಯಾವ ಕಟ್ಟಿಗೆ ಪೆನ್ನಿಗೆ ಒಳ್ಳೆಯದು?

ಉತ್ತರ: ಉಳಿಯದೇನೂ ತಪ್ಪಿಲ್ಲ ಮೇಷ್ಟ್ರೇ. ಕಟ್ಟಿಗೆ ಹಸಿ ಇತ್ತು.

ಪೆನ್ನಿನ ಒಳಗೆ ನೀವು ಅಂಟಿಸಿದ ಹಿತ್ತಾಳೆ ಕೊಳವೆ ಇದೆಯಲ್ಲ, ಅದು ಕುಗ್ಗುವುದಿಲ್ಲ. ಕಟ್ಟಿಗೆ ಒಣಗುತ್ತಾ ಕುಗ್ಗುತ್ತದೆ, ಅದೂ ಅಡ್ಡಕ್ಕೇ ಜಾಸ್ತಿ. ಒಳಗಿನ ಕೊಳವೆ ಜಾಗ ಬಿಡದಿದ್ದರೆ ಕಟ್ಟಿಗೆಗೆ ಬಿರಿಯುವುದೊಂದೇ ದಾರಿ. ತೆಳು ಪೆನ್ನಿನಲ್ಲಿ 7 ಮಿಲಿಮೀಟರ್ ಕೊಳವೆ ಇರುತ್ತದೆ. ತುದಿಯಲ್ಲಿ ಅದರ ಮೇಲೆ ಉಳಿಯುವ ಕಟ್ಟಿಗೆಯ ದಪ್ಪ ಒಂದು ಮಿಲಿಮೀಟರ್ ಕೂಡ ಬರುವುದಿಲ್ಲ. ಸೀಳು ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ, ಬೇಕಿದ್ದರೆ ನಿಮ್ಮ ಪೆನ್ ತಿರುಗಿಸಿ ನೋಡಿ. ಮೇಲಾಗಿ ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೇರೆ ಊರಲ್ಲಿ ನಿಧಾನಕ್ಕೆ ಬರುವ ಸೀಳು ನಿಮ್ಮಲ್ಲಿ ಬೇಗ ಬರುತ್ತದೆ.

ಉಳಿದ ಬೇವನ್ನು ಒಲೆಗೆ ಹಾಕಬೇಡಿ. 20 ಮಿಲಿಮೀಟರ್ ಚೌಕದ ತುಂಡುಗಳಾಗಿ ಕೊಯ್ಯಿಸಿ, ಎರಡೂ ತುದಿಗೆ ಮೇಣದಬತ್ತಿಯ ಮೇಣ ಕರಗಿಸಿ ಸವರಿ. ನೀರು ತುದಿಯಿಂದಲೇ ಬೇಗ ಹೋಗುವುದು, ಹಾಗಾಗಿ ಬಿರುಕೂ ಅಲ್ಲೇ ಮೊದಲು. ಆಮೇಲೆ ನೆರಳಲ್ಲಿ, ಗಾಳಿ ಆಡುವ ಕಡೆ, ತುಂಡಿನ ಮಧ್ಯೆ ಸಂದು ಬಿಟ್ಟು ಜೋಡಿಸಿ. ಬೇಗ ಒಣಗಲಿ ಅಂತ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿದರೆ ಮುಗಿಯಿತು, ಒಂದೂ ಉಳಿಯುವುದಿಲ್ಲ. ಒಣಗಿತು ಅಂತ ಗೊತ್ತಾಗುವುದು ಹೇಗೆ? ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತೂಕವನ್ನು ಪೆನ್ಸಿಲ್‌ನಲ್ಲಿ ತುಂಡಿನ ಮೇಲೇ ಬರೆಯಿರಿ. ವಾರಕ್ಕೊಮ್ಮೆ ಮತ್ತೆ ತೂಗಿ. ಮೂರ್ನಾಲ್ಕು ವಾರ ತೂಕ ಅಷ್ಟೇ ನಿಂತರೆ ಆ ತುಂಡು ಲೇತ್‌ಗೆ ಸಿದ್ಧ. ಮಳೆಗಾಲದಲ್ಲಿ ಈ ಲೆಕ್ಕ ಸ್ವಲ್ಪ ಏರುಪೇರಾಗುತ್ತದೆ, ಆಗ ಅವಸರ ಬೇಡ.

ಇನ್ನು ಯಾವ ಕಟ್ಟಿಗೆ? ನನ್ನನ್ನು ಕೇಳಿದರೆ ಬಳ್ಳಾರಿ ಜಾಲಿ. ನಗಬೇಡಿ. ಹೊಲದ ಬದುವಿಗೆ ನುಗ್ಗಿ ಕಾಟ ಕೊಡುವ, ಇದ್ದಿಲು ಸುಡುವವರು ಬಿಟ್ಟರೆ ಯಾರಿಗೂ ಬೇಡದ ಅದೇ ಮರ. ಅದು ಅಮೆರಿಕ ಕಡೆಯಿಂದ ಬಂದ ಗಿಡ. ಅಲ್ಲಿ ಅದರ ದಾಯಾದಿಯಾದ ಮೆಸ್ಕೀಟ್ ಮರಕ್ಕೆ ಲೇತ್ ಕೆಲಸದವರಲ್ಲಿ ಭಾರಿ ಮರ್ಯಾದೆ. ಮುಖ್ಯ ಕಾರಣ, ಒಣಗುವಾಗ ತೀರಾ ಕಡಿಮೆ ಕುಗ್ಗುತ್ತದೆ. ನಿಮ್ಮ ತೊಂದರೆಗೆ ಬೇಕಾಗಿರುವುದೂ ಅದೇ ಗುಣ ಅಲ್ವಾ? ಒಳಗಿನ ಕೆಂಗಂದು ತಿರುಳನ್ನು ಮಾತ್ರ ಬಳಸಿ. ಹೊರಗಿನ ಹಳದಿ ಭಾಗಕ್ಕೆ ಹುಳ ಬೀಳುತ್ತದೆ. ಕಡಿಯುವಾಗ ಮುಳ್ಳಿನ ಬಗ್ಗೆ ಹುಷಾರು, ಚುಚ್ಚಿದರೆ ಬಾತುಕೊಳ್ಳುತ್ತದೆ. ಯಾವ ಕಟ್ಟಿಗೆಯಾದರೂ ಉಜ್ಜುವಾಗ ಮಾಸ್ಕ್ ಇರಲಿ. ಹುಣಸೆಯ ಕಪ್ಪು ತಿರುಳೂ ಚೆಂದ, ಆದರೆ ಕಲ್ಲಿನಂಥ ಗಟ್ಟಿ. ಪದೇ ಪದೇ ಉಳಿಗೆ ಸಾಣೆ ಹಿಡಿಯಬೇಕು. ಹೊಸದರಲ್ಲಿ ಬೇಡ.

ತೂತು ಕೊರೆಯುವಾಗಲೂ ಒಂದು ಮಾತು ನೆನಪಿಡಿ. ಡ್ರಿಲ್ ಬಿಟ್ಟನ್ನು ಒಂದೇ ಸಮ ಒತ್ತಿದರೆ ಒಳಗೆ ಪುಡಿ ತುಂಬಿ ಬಿಸಿಯಾಗುತ್ತದೆ, ಒಣ ಕಟ್ಟಿಗೆಯೂ ಅಲ್ಲೇ ಕಣ್ಣಿಗೆ ಕಾಣದ ಹಾಗೆ ಬಿರಿಯುತ್ತದೆ. ಸ್ವಲ್ಪ ಕೊರೆದು ಹೊರಗೆಳೆದು, ಪುಡಿ ಕೊಡವಿ, ಮತ್ತೆ ಕೊರೆಯಿರಿ. ಬಿಟ್ ಮುಟ್ಟಿದರೆ ಬೆರಳು ಸುಡುವಂತಿದ್ದರೆ ನಿಲ್ಲಿಸಿ, ಚಹಾ ಕುಡಿದು ಬನ್ನಿ. ತುಂಡು ಕೊಳವೆಗಿಂತ ಒಂದು ಸೆಂಟಿಮೀಟರ್ ಉದ್ದ ಇರಲಿ, ಪೂರ್ತಿ ಆಚೆಗೆ ಕೊರೆಯದೆ ಆ ತುದಿಯನ್ನು ಗರಗಸದಿಂದ ಕೊಯ್ದರೆ ಅಂಚು ಒಡೆಯುವುದಿಲ್ಲ. ಕೊಳವೆಯನ್ನು ಅಂಟಿಸುವ ಮೊದಲು ಉಪ್ಪುಕಾಗದದಿಂದ ಉಜ್ಜಿ ತರಿಯಾಗಿಸಿ. ಹೊಸಬರಿಗೆ ದಿಢೀರ್ ಹಿಡಿಯುವ ಅಂಟಿಗಿಂತ ಅರಾಲ್ಡೈಟ್ ಥರದ ಎಪಾಕ್ಸಿ ಒಳ್ಳೆಯದು. ನಮ್ಮ ಸೆಕೆಗೆ ದಿಢೀರ್ ಅಂಟು ಕೊಳವೆ ಅರ್ಧ ಹೋಗುವಷ್ಟರಲ್ಲೇ ಕಚ್ಚಿಕೊಳ್ಳುತ್ತದೆ.

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮಣ್ಣನ ವರ್ಕ್‌ಶಾಪ್ ಇದೆ. ಅಲ್ಲಿನ ಕಬ್ಬಿಣ ಕೆಲಸದ ಲೇತ್‌ನಲ್ಲೇ ಪೆನ್ ಮಾಡಬಹುದಾ, ಬೇರೆ ಲೇತ್ ಬೇಕಾ?

ಉತ್ತರ: ಧಾರಾಳವಾಗಿ ಮಾಡಬಹುದು. ಪೆನ್ನಿನಂಥ ಸಣ್ಣ ತುಂಡಿಗೆ ನಿಮಿಷಕ್ಕೆ 2000 ಸುತ್ತಿನ ಆಸುಪಾಸು ವೇಗ ಇದ್ದರೆ ಚೆಂದ. ನಿಮ್ಮ ಲೇತ್ ಅಷ್ಟು ತಿರುಗದಿದ್ದರೂ ಉಳಿ ಹರಿತವಾಗಿದ್ದರೆ ಸಾಕು. ಆದರೆ ಕಬ್ಬಿಣ ಕೊಯ್ಯುವ ಉಳಿಯನ್ನು ಬಿಗಿಯುವ ಟೂಲ್ ಪೋಸ್ಟ್‌ಗೆ ಉಳಿ ಆನಿಸಿ ಕೈಯಲ್ಲಿ ಹಿಡಿಯುವ ಸಾಹಸ ಬೇಡ. ಕಟ್ಟಿಗೆ ಕೆಲಸದಲ್ಲಿ ಉಳಿ ಆನಿಸುವ ಟೂಲ್ ರೆಸ್ಟ್ ಒಂದನ್ನು ಅಣ್ಣನ ಕೈಲೇ ಮಾಡಿಸಿ ಕೂರಿಸಿ. ತಿರುಗುವ ಕಟ್ಟಿಗೆಗೂ ಅದಕ್ಕೂ 3 ಮಿಲಿಮೀಟರ್ ಸಂದು ಸಾಕು. ಲೇತ್ ಚಾಲೂ ಮಾಡುವ ಮುಂಚೆ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗಬಾರದು. ತುಂಡನ್ನು ಕಚ್ಚಿ ಹಿಡಿಯುವ ಚಕ್ಕನ್ನು ಬಿಗಿಯುವ ಕೀಲಿಯನ್ನು ಚಕ್‌ನಲ್ಲೇ ಬಿಡಬೇಡಿ ಅಂತ ವರ್ಕ್‌ಶಾಪಿನವರಿಗೆ ಹೇಳಬೇಕಾಗಿಲ್ಲ.

ಪೆನ್ ಒಂದು ಕಡೆ ದಪ್ಪ, ಒಂದು ಕಡೆ ತೆಳು ಬಂದರೆ, ಪೆನ್ನಿನ ತುಂಡುಗಳನ್ನು ಪೋಣಿಸುವ ಮ್ಯಾಂಡ್ರೆಲ್‌ನ ನಟ್ಟನ್ನೋ ಅದರ ಇನ್ನೊಂದು ತುದಿಗೆ ಆನಿಸುವ ಟೇಲ್‌ಸ್ಟಾಕನ್ನೋ ಜಾಸ್ತಿ ಬಿಗಿದಿದ್ದೀರಿ ಅಂತ ಅರ್ಥ. ಮ್ಯಾಂಡ್ರೆಲ್ ಅಂದರೆ ಸಣ್ಣ ಸಲಾಕೆ, ಬಾಗುತ್ತದೆ. ಕೆಲಸ ಮುಗಿದ ಮೇಲೆ ಲೇತಿನ ತಳದ ಹಳಿ (ಬೆಡ್) ಒರೆಸಿ ಮತ್ತೆ ಎಣ್ಣೆ ಹಚ್ಚಿ. ಕಟ್ಟಿಗೆ ಪುಡಿ ತೇವ ಹೀರಿ ತುಕ್ಕು ಹಿಡಿಸುತ್ತದೆ, ಅಣ್ಣ ಮತ್ತೆ ಲೇತ್ ಮುಟ್ಟಲು ಬಿಡುವುದಿಲ್ಲ.

ಪ್ರಶ್ನೆ: ಕೊಪ್ಪಳದ ಕಾಲೇಜು ವಿದ್ಯಾರ್ಥಿನಿ ನಾನು. ಕಿನ್ನಾಳ ಗೊಂಬೆಗಳ ಹಾಗೆ ಪೆನ್ನಿಗೂ ಬಣ್ಣ ಹಾಕಬೇಕು ಅನ್ನಿಸುತ್ತದೆ. ಹೇಗೆ?

ಉತ್ತರ: ಕಿನ್ನಾಳದ್ದು ಲೇತ್ ಕೆಲಸವಲ್ಲಮ್ಮ. ಅಲ್ಲಿ ಹಗುರವಾದ ಮರವನ್ನು ಕೈಯಲ್ಲಿ ಕೆತ್ತಿ ಬಣ್ಣ ಬಳಿಯುತ್ತಾರೆ. ಆ ಬಣ್ಣಗಳ ಜೋಡಣೆಯನ್ನು ನೋಡಿ ಕಲಿ, ಹಚ್ಚುವ ವಿಧಾನವನ್ನು ಚನ್ನಪಟ್ಟಣದವರಿಂದ ತಗೋ. ಅವರು ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಕಟ್ಟಿಗೆಗೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ಒಣ ಕೇದಗೆ ಎಲೆಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಅರಗಿನ ಪದರಕ್ಕೂ ದಪ್ಪ ಇರುತ್ತದೆ, ಹಾಗಾಗಿ ಕಟ್ಟಿಗೆಯನ್ನು ಬುಷ್ (ಪೆನ್ನಿನ ದಪ್ಪಕ್ಕೆ ಅಳತೆಯಾಗಿ ತುದಿಗೆ ಹಾಕುವ ಲೋಹದ ಉಂಗುರ) ಅಳತೆಗಿಂತ ಕೂದಲೆಳೆಯಷ್ಟು ಕಡಿಮೆ ಇಳಿಸು. ಲೇತ್ ಮುಂದೆ ದುಪಟ್ಟಾ, ಬಳೆ ಬೇಡವೇ ಬೇಡ, ಜಡೆ ಎತ್ತಿ ಕಟ್ಟು. ಅರಗಿನ ಪೆನ್ನನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋದರೆ ಮೆತ್ತಗಾಗಿ ಅಂಟುತ್ತದೆ, ಕೊಳ್ಳುವವರಿಗೂ ಇದನ್ನು ಮೊದಲೇ ಹೇಳಿಬಿಡು.